ಕಾರ್ಟ್ರಿಜ್ ಹಳೆಯದಾದರೂ ಸೂಜಿ ಹೊಸದಿರಲಿ

ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಸಂತ ಮಾಣಿಕಪ್ರಭುಗಳು 1865ರಲ್ಲಿ ಸಮಾಧಿಸ್ಥರಾದದ್ದು ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ. ದತ್ತ ಜಯಂತಿಗೆ ಅಲ್ಲಿ ಈಗಲೂ ಹಿಂದೂಸ್ತಾನಿ ಗಾಯಕರು ಬಂದು ಹಾಡುತ್ತಾರೆ. ಒಂದೆಡೆ ವಚನ, ಇನ್ನೊಂದೆಡೆ ಭಜನೆ, ಖಯಾಲು ಬೆಳೆದ ಬೀದರ ಸೀಮೆಯಿದು. ಇಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಗ್ರಾಮಫೋನ್ ಪ್ಲೇಟುಗಳಿದ್ದರೆ, ಅವನ್ನು ಕೇಳಬೇಕೆಂಬ ಆಸೆಯಿದ್ದರೆ, ಒಂದು ಮಾತು ಹೇಳಬೇಕಿದೆ. ಟರ್ನ್‌ಟೇಬಲ್‌ಗೆ ಸೂಜಿ ಹಿಡಿಯುವ ಹಳೆಯ ಕಾರ್ಟ್ರಿಜ್ ಹಾಕಿ, ತಪ್ಪೇನಿಲ್ಲ. ಹಳೆಯ ಸೂಜಿ ಮಾತ್ರ ಬೇಡ.

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಒಡಲಲ್ಲಿರುವುದು ತಂತಿಯ ಸುರುಳಿ. ಅದು ದಶಕಗಳಾದರೂ ಬಾಳುತ್ತದೆ. ಮುಪ್ಪು ಬರುವುದು ಸೂಜಿಗೆ. ವಜ್ರದ ಮೊನೆ ಕೂತಿರುವ ಸಣ್ಣ ಕಡ್ಡಿಯ ಬುಡವನ್ನು ಸಾಸಿವೆಯಷ್ಟು ರಬ್ಬರು ಹಿಡಿದಿರುತ್ತದೆ. ಡಬ್ಬಿ ಒಡೆಯದೆ ಇಟ್ಟರೂ ವರ್ಷ ಕಳೆದಂತೆ ಆ ರಬ್ಬರು ಬಿರುಸಾಗುತ್ತದೆ. ಬೀದರ ಸೀಮೆಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಆಮೇಲೆ ಸೂಜಿ ಪ್ಲೇಟಿನ ಗೆರೆಯ ಜೊತೆ ಬಳುಕದೆ ಅದರ ಗೋಡೆಯನ್ನೇ ಕೆರೆಯತೊಡಗುತ್ತದೆ. ಹಾಗೆ ಸವೆದ ಮನ್ಸೂರರ ತಾನ ಆ ಪ್ಲೇಟಿಗೆ ಮತ್ತೆಂದೂ ಮರಳುವುದಿಲ್ಲ. ಆದ್ದರಿಂದಲೇ ‘ನಲವತ್ತು ವರ್ಷದ್ದು, ಬಳಸಿಯೇ ಇಲ್ಲ’ ಎಂದು ದುಬಾರಿ ಬೆಲೆ ಹೇಳುವ ಸೂಜಿಯನ್ನು ನಾನು ನಂಬುವುದಿಲ್ಲ. ಅಮೆರಿಕದ ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಆದರೂ ಅದರ ಹಳೆಯ ಒಡಲುಗಳಿಗೆ ಜಪಾನಿನ ಜಿಕೋ ಕಂಪನಿ ಹೊಸ ಸೂಜಿ ಮಾಡುತ್ತದೆ. ಹಳತನ್ನು ಪ್ರೀತಿಸುವವರಿಗೆ ಇದು ಸರಿಯಾದ ದಾರಿ.

ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ 78 ಆರ್‌ಪಿಎಂ ಪ್ಲೇಟುಗಳ ಲೆಕ್ಕವೇ ಬೇರೆ. ಅವುಗಳ ಗೆರೆ ಅಗಲ. ಸೂಜಿಯ ಮೊನೆಯ ತ್ರಿಜ್ಯ ಸುಮಾರು 75 ಮೈಕ್ರಾನ್ ಇರಬೇಕು. ಎಲ್‌ಪಿಗೆ 18 ಸಾಕು. ಸಣ್ಣ ಸೂಜಿಯನ್ನು 78ರ ಮೇಲಿಟ್ಟರೆ ಅದು ಗೆರೆಯ ತಳಕ್ಕೆ ಕುಸಿದು ಬರೀ ಗರಗರ ಕೇಳಿಸುತ್ತದೆ. ದಪ್ಪ ಸೂಜಿ ಎಲ್‌ಪಿಯ ಗೆರೆಯಲ್ಲಿ ಇಳಿಯದೆ ಅಂಚನ್ನು ಹಾಳುಮಾಡುತ್ತದೆ. ಹಳೆಯ ಸಿರಾಮಿಕ್ ಕಾರ್ಟ್ರಿಜ್‌ಗಳಲ್ಲಿ ಒಂದು ಪುಟ್ಟ ಹಿಡಿ ತಿರುಗಿಸಿ ಸೂಜಿ ಬದಲಿಸುತ್ತಿದ್ದುದು ಇದಕ್ಕೇ. ಆದರೆ ಅವು ಪ್ಲೇಟಿನ ಮೇಲೆ ಹಲವು ಗ್ರಾಂ ಭಾರ ಹೇರುತ್ತವೆ. ಎಲ್‌ಪಿಗೆ ಹಾಕಲು ನನಗೆ ಮನಸ್ಸು ಬಾರದು. ಹೊಸದನ್ನೇ ಕೊಳ್ಳುವುದಾದರೆ ಆಡಿಯೋ-ಟೆಕ್ನಿಕಾದ ವಿಎಂ95 ಸಾಲಿನಲ್ಲಿ ಒಂದೇ ಒಡಲಿಗೆ ಎಲ್‌ಪಿ ಸೂಜಿಯನ್ನೂ 78ರ ಸೂಜಿಯನ್ನೂ ಬದಲಿಸಿ ಹಾಕಬಹುದು. ಎಲ್‌ಪಿಗೆ ಎರಡು ಗ್ರಾಂ ಭಾರ ಸಾಕು.

ಹಳೆಯದೇ ಬೇಕೆಂದು ಮನಸ್ಸು ಹಟ ಹಿಡಿದರೆ, ದುಡ್ಡು ಕೊಡುವ ಮೊದಲು ಭೂತಗನ್ನಡಿ ಹಿಡಿದು ಎದುರಿನಿಂದ ನೋಡಿ. ಕಡ್ಡಿ ಒಂದು ಬದಿಗೆ ವಾಲಿದ್ದರೆ ಅಥವಾ ಒಡಲು ಪ್ಲೇಟಿನತ್ತ ಕುಸಿದಿದ್ದರೆ, ಹೊಸ ಸೂಜಿಯ ಬೆಲೆಯನ್ನೂ ಸೇರಿಸಿಯೇ ಚೌಕಾಸಿಗೆ ಇಳಿಯಿರಿ.