ಕೆಡವಿದ ಗೋಡೆಯ ಋಣ

ಸದ್ಭಕ್ತರೇ, ಅಪಹರಿಸಿದ ವಸ್ತುವನ್ನು ಹಿಂದಿರುಗಿಸಿದವನನ್ನು ದಾನಿಯೆಂದು ಕರೆಯಬಹುದೇ? ಕರೆಯಲಾಗದು, ಆತನು ಋಣ ತೀರಿಸಿದನೆಂದಷ್ಟೇ ಹೇಳಬಹುದು. ಪ್ರಕೃತಿಯ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ಹವಳದ ದಿಬ್ಬಗಳ ಕಥೆ ಇದಕ್ಕೆ ನಿದರ್ಶನ.

ಹವಳವು ಬರಿಯ ಕಲ್ಲಲ್ಲ. ಅತಿ ಸಣ್ಣ ಜೀವಿಗಳು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ಕಟ್ಟಿಕೊಂಡ ಗೂಡುಗಳೇ ಸಾವಿರಾರು ವರ್ಷಗಳಲ್ಲಿ ದಿಬ್ಬಗಳಾಗುತ್ತವೆ. ಇವು ಅಲೆಗಳ ಶಕ್ತಿಯಲ್ಲಿ ಸರಾಸರಿ ನೂರಕ್ಕೆ 97 ಭಾಗವನ್ನು ಕುಗ್ಗಿಸುತ್ತವೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸುತ್ತದೆ.

ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಇಂತಹ ದಿಬ್ಬಗಳ ಆಶ್ರಯದಲ್ಲಿ 21 ದ್ವೀಪಗಳಿದ್ದವು. ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ಜನರು ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಿದರು. ಮನೆಯ ಗೋಡೆಗಾಗಿ ಊರಿನ ಕೋಟೆಯನ್ನೇ ಕೆಡವಿದಂತಾಯಿತು. ಎರಡು ದ್ವೀಪಗಳು ನೀರಿನಡಿ ಸೇರಿದವು. ವನ್ಯಜೀವಿ ಕಾಯಿದೆಯ ರಕ್ಷಣೆ ಹವಳಕ್ಕೆ ದೊರೆತದ್ದು 2001ರಲ್ಲಿ. ತೂತ್ತುಕುಡಿ ಸಮೀಪದ ವಾನ್ ದ್ವೀಪವೂ ಕರಗತೊಡಗಿದಾಗ, 2015-16ರಲ್ಲಿ ಅದರ ಬಳಿ ಕಾಂಕ್ರೀಟಿನ ಕೃತಕ ದಿಬ್ಬಗಳನ್ನು ಇಳಿಸಲಾಯಿತು. ಜೀವಂತ ಹವಳದ ತುಣುಕುಗಳನ್ನು ಹಲಗೆಗಳಿಗೆ ಕಟ್ಟಿ ಬೆಳೆಸುವ ಕಾರ್ಯವೂ ಆ ಕೊಲ್ಲಿಯಲ್ಲಿ ನಡೆದಿದೆ. ನಮ್ಮ ಉಳ್ಳಾಲದ ಕಡಲ್ಕೊರೆತವನ್ನು ತಡೆಯಲು ಸಮುದ್ರದೊಳಗೆ ದಿಬ್ಬ ಕಟ್ಟಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನಿಂದ ಸಾಲ ತರಬೇಕಾಯಿತು. ಅದೇ ಕೆಲಸವನ್ನು ಹವಳದ ಜೀವಿಗಳು ಕೂಲಿ ಕೇಳದೆ ಮಾಡುತ್ತವೆ.

ಮರಳಿ ಕಟ್ಟಲು ಬರುವುದಾದರೆ ಕೆಡವಿದುದರಲ್ಲಿ ದೋಷವೇನೆಂದು ಕೆಲವರು ವಾದಿಸಬಹುದು. ನಾವು ತುಣುಕನ್ನು ಕಟ್ಟಬಲ್ಲೆವು, ಬೆಳೆಯಬೇಕಾದುದು ಅದೇ. ನೀರು ಮಿತಿಮೀರಿ ಕಾದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ತಾಪ ಮುಂದುವರಿದರೆ ಸಾಯುತ್ತದೆ. 2016ರಲ್ಲಿ ಮನ್ನಾರಿನಲ್ಲಿ ಹೀಗೆಯೇ ಹವಳ ಸತ್ತಿತು. ಅಗೆಯುವುದನ್ನು ಕಾಯಿದೆ ನಿಲ್ಲಿಸಿತು. ಕಾಯಿಸುವುದನ್ನು ನಿಲ್ಲಿಸುವವರು ಯಾರು?

ಇಲ್ಲಿ ದಂಡುಪ್ರದೇಶದ, ಹಲಸೂರಿನ ಭಕ್ತರು, ಕಡಲಿಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಮುದ್ರವನ್ನು ಕಾಯಿಸುತ್ತಿರುವುದು ಮನುಷ್ಯನು ಉರಿಸಿದ ಇಂಧನ. ಕೃಷ್ಣರಾಜಪುರದ ತೂಗುಸೇತುವೆಯ ಮೇಲೆ ಸಾಲುಗಟ್ಟಿ ನಿಂತ ವಾಹನಗಳ ಹೊಗೆಯೂ ಅದರಲ್ಲಿ ಸೇರಿದೆ. ಪಾಲು ಅಲ್ಪವೆಂದ ಮಾತ್ರಕ್ಕೆ ಪಾಲಿಲ್ಲವೆಂದಾಗದು.

ಸಾಲಗಾರನು ಮೊದಲು ಹೊಸ ಸಾಲ ಮಾಡುವುದನ್ನು ಬಿಡಬೇಕು. ನಡೆದು ಹೋಗಬಹುದಾದಲ್ಲಿಗೆ ನಡೆದೇ ಹೋಗಿರಿ. ಬೇಡದ ದೀಪವನ್ನು ಆರಿಸಿರಿ. ಆದರೆ ಇದನ್ನು ತ್ಯಾಗವೆಂದು ಎಣಿಸದಿರಿ. ಇದು ನಾವು ಕಟ್ಟಬೇಕಾದ ಋಣದ ಮೊದಲ ಕಂತು.