ಸರ್ವಾಂತರ್ಯಾಮಿ

ದೇವರು ಎಲ್ಲೆಲ್ಲೂ ಇದ್ದಾನೆ ಎಂಬ ನಂಬಿಕೆಗೆ ವೇದಾಂತಿಗಳು ಮುಖ್ಯವಾಗಿ ಆಶ್ರಯಿಸುವುದು ಬೃಹದಾರಣ್ಯಕ ಉಪನಿಷತ್ತಿನ 3ನೆಯ ಅಧ್ಯಾಯದಲ್ಲಿ ಬರುವ ಅಂತರ್ಯಾಮಿ ಬ್ರಾಹ್ಮಣವನ್ನು. ಜನಕರಾಜನ ಸಭೆಯಲ್ಲಿ ಉದ್ದಾಲಕ ಆರುಣಿ ಹಾಕಿದ ಪ್ರಶ್ನೆಗೆ ಯಾಜ್ಞವಲ್ಕ್ಯ ಅಲ್ಲಿ ಉತ್ತರ ಕೊಡುತ್ತಾನೆ. ಭೂಮಿ, ನೀರು, ಬೆಂಕಿ, ಗಾಳಿ, ಸೂರ್ಯ, ಪ್ರಾಣ, ಕಣ್ಣು, ಮನಸ್ಸು ಎಂದು ಒಂದೊಂದನ್ನೇ ಹೆಸರಿಸುತ್ತಾ ಹೋಗಿ, ಅದರೊಳಗೆ ಇದ್ದು, ಅದಕ್ಕೇ ಗೊತ್ತಾಗದಂತೆ ಅದನ್ನು ಒಳಗಿನಿಂದ ನಡೆಸುವವನು ಅಂತರ್ಯಾಮಿ ಎನ್ನುತ್ತಾನೆ. ಆ ಪಟ್ಟಿಯಲ್ಲಿ ಬೆಳಕಿನಷ್ಟೇ ಕತ್ತಲೆಗೂ ಜಾಗವಿದೆ. ಒಳ್ಳೆಯದೆನಿಸಿದ್ದನ್ನಷ್ಟೇ ಆರಿಸಿ ದೇವರಿಗೆ ಕೊಡುವ ಯೋಚನೆ ಅಲ್ಲಿಲ್ಲ.

ಅಲ್ಲಿ ಪ್ರಶ್ನೆ ಕೇಳಿದ ಉದ್ದಾಲಕನೇ ಛಾಂದೋಗ್ಯ ಉಪನಿಷತ್ತಿನ 6ನೆಯ ಅಧ್ಯಾಯದಲ್ಲಿ ಗುರುವಿನ ಸ್ಥಾನದಲ್ಲಿದ್ದಾನೆ. ರಾತ್ರಿ ನೀರಿಗೆ ಉಪ್ಪು ಹಾಕಿಡುವಂತೆ ಮಗ ಶ್ವೇತಕೇತುವಿಗೆ ಹೇಳುತ್ತಾನೆ. ಬೆಳಿಗ್ಗೆ ಆ ಉಪ್ಪನ್ನು ತಾ ಎಂದರೆ ಹುಡುಗ ಕೈಯಾಡಿಸಿ ನೋಡುತ್ತಾನೆ, ಸಿಗುವುದಿಲ್ಲ. ಮೇಲಿಂದ ಒಂದು ಗುಟುಕು, ನಡುವಿನಿಂದ ಒಂದು, ತಳದಿಂದ ಒಂದು ಕುಡಿಸಿದರೆ ಎಲ್ಲ ಕಡೆಯೂ ಉಪ್ಪೇ. ಕಣ್ಣಿಗೂ ಕೈಗೂ ಸಿಗದ ಮಾತ್ರಕ್ಕೆ ಇಲ್ಲವೆನ್ನಲಾಗದು, ತಿಳಿಯುವ ದಾರಿ ಬೇರೆ ಎಂಬುದು ತಂದೆಯ ಪಾಠ.

ಆದರೆ ಎಲ್ಲದರಲ್ಲೂ ಇರುವವನು ಎಲ್ಲದರಲ್ಲೂ ಅಡಗಿಹೋಗಬೇಕೆಂದಿಲ್ಲ. ಭಗವದ್ಗೀತೆಯ 9ನೆಯ ಅಧ್ಯಾಯದಲ್ಲಿ ಕೃಷ್ಣ, ಜಗತ್ತನ್ನೆಲ್ಲ ತಾನು ವ್ಯಾಪಿಸಿರುವುದಾಗಿಯೂ ಭೂತಗಳೆಲ್ಲ ತನ್ನಲ್ಲಿವೆಯೆಂದೂ ಹೇಳಿ, ತಾನು ಮಾತ್ರ ಅವುಗಳಲ್ಲಿ ಇಲ್ಲ ಎನ್ನುತ್ತಾನೆ. ಮೇಲ್ನೋಟಕ್ಕೆ ವಿರೋಧವೆನಿಸುವ ಈ ಮಾತನ್ನು ಬಿಡಿಸುವಲ್ಲಿಯೇ ಆಚಾರ್ಯರ ದಾರಿಗಳು ಕವಲೊಡೆದವು. ಶಂಕರರ ಅದ್ವೈತದಲ್ಲಿ ಬ್ರಹ್ಮವೊಂದೇ ಪರಮಾರ್ಥ ಸತ್ಯ. ಅದನ್ನು ಬಿಟ್ಟು ಎರಡನೆಯದು ಇಲ್ಲದಿರುವಾಗ, ಯಾವುದರಲ್ಲಿ ಯಾವುದು ಇದೆ ಎಂಬ ಪ್ರಶ್ನೆ ವ್ಯವಹಾರದ ಮಟ್ಟದಲ್ಲೇ ಉಳಿಯುತ್ತದೆ. ರಾಮಾನುಜರು ಜಗತ್ತನ್ನು ಅಲ್ಲಗಳೆಯಲಿಲ್ಲ. ಜೀವ, ಜಡ ಎರಡೂ ದೇವರ ಶರೀರ, ಆತನೇ ಅವುಗಳ ಆತ್ಮ ಎಂದರು. ಅಂತರ್ಯಾಮಿ ಬ್ರಾಹ್ಮಣದ ಮಾತಿಗೆ ಹೆಚ್ಚು ಹತ್ತಿರವಾದ ವಿವರಣೆ ಇದೇ ಎನ್ನಬೇಕು. ಮಧ್ವರ ಮತದಲ್ಲಿ ದೇವರು, ಜೀವ, ಜಡ ಎಂದಿಗೂ ಬೇರೆ ಬೇರೆ. ವಿಷ್ಣು ಪ್ರತಿಯೊಂದರ ಒಳಗೂ ಪೂರ್ಣನಾಗಿಯೇ ಇದ್ದಾನೆ. ಹಿರಿದರಲ್ಲಿ ಹೆಚ್ಚು, ಕಿರಿದರಲ್ಲಿ ಕಡಿಮೆ ಎಂಬುದಿಲ್ಲ. ಆದರೂ ಯಾವುದರೊಂದಿಗೂ ಆತ ಒಂದಾಗುವುದಿಲ್ಲ.

ಹೊಲಸಿನಲ್ಲೂ ನೋವಿನಲ್ಲೂ ಇರುವ ದೇವರಿಗೆ ಅವು ಅಂಟುವುದಿಲ್ಲವೇ ಎಂಬ ಆಕ್ಷೇಪ ಹೊಸದೇನಲ್ಲ. ಬ್ರಹ್ಮಸೂತ್ರದ 1ನೆಯ ಅಧ್ಯಾಯದಲ್ಲೇ ಅದು ಬರುತ್ತದೆ. ಒಂದೇ ಹೃದಯದಲ್ಲಿದ್ದರೂ ಸುಖದುಃಖಗಳನ್ನು ಉಣ್ಣುವವನು ಕರ್ಮಕ್ಕೆ ಕಟ್ಟುಬಿದ್ದ ಜೀವ, ಪರಮಾತ್ಮನಿಗೆ ಆ ಕಟ್ಟಿಲ್ಲ ಎಂಬುದು ಅಲ್ಲಿನ ಸಮಾಧಾನ.

ಎಲ್ಲೆಡೆ ಇರುವವನಿಗೆ ಗುಡಿ ಏಕೆ ಎಂಬುದು ಜನಸಾಮಾನ್ಯರೂ ಕೇಳುವ ಪ್ರಶ್ನೆ. ಪಾಂಚರಾತ್ರ ಆಗಮ ದೇವರ ಇರವನ್ನು ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚೆ ಎಂದು ಐದು ಬಗೆಯಾಗಿ ಹೇಳುತ್ತದೆ. ಎದೆಯೊಳಗಿನ ಅಂತರ್ಯಾಮಿಯೂ ಗುಡಿಯೊಳಗಿನ ಅರ್ಚಾಮೂರ್ತಿಯೂ ಒಬ್ಬನೇ. ಮೊದಲನೆಯವನನ್ನು ಕಾಣಲು ಯೋಗಿಯ ಸಾಧನೆ ಬೇಕು, ಎರಡನೆಯವನು ಯಾರ ಕಣ್ಣಿಗೂ ಒದಗುತ್ತಾನೆ. ಚೌತಿಯ ದಿನ ಮಣ್ಣಿನ ಗಣಪನಿಗೆ ಆವಾಹನೆ ಮಾಡುವವರಾಗಲಿ, ಆಮೇಲೆ ಕೆರೆಗೋ ಬಾವಿಗೋ ಬಿಡುವವರಾಗಲಿ, ದೇವರು ಬೇರೆಲ್ಲಿಂದಲೋ ಬಂದು ಹೋದನೆಂದು ತಿಳಿಯಬೇಕಿಲ್ಲ. ಇರುವವನನ್ನೇ ಒಂದು ಕಡೆ ಕಂಡು ಪೂಜಿಸುವ ಕ್ರಮ ಅದು. 12ನೆಯ ಶತಮಾನದ ಶರಣರು ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರು: ಇಷ್ಟಲಿಂಗವನ್ನು ಮೈಮೇಲೆ ಧರಿಸಿ ದೇಹವನ್ನೇ ದೇಗುಲವಾಗಿಸಿಕೊಂಡರು. ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಈ ಉತ್ತರ ತತ್ತ್ವಕ್ಕಿಂತ ದೊಡ್ಡದಾಗಿತ್ತು.

ಈ ನಂಬಿಕೆ ನಡತೆಗೆ ಇಳಿಯುವ ಬಗೆಯನ್ನು ತೋರಿಸುವ ಕನ್ನಡದ ಕಥೆಯೆಂದರೆ ಕನಕದಾಸರ ಬಾಳೆಹಣ್ಣಿನದು. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರಂತೆ. ಒಬ್ಬ ಬಾಗಿಲ ಮರೆಯಲ್ಲಿ, ಇನ್ನೊಬ್ಬ ಕಂಬಳಿ ಹೊದ್ದು ತಿಂದು ಬಂದರೆ, ದೇವರು ನೋಡದ ಜಾಗ ಸಿಗಲಿಲ್ಲವೆಂದು ಕನಕರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ಇದು ಐತಿಹ್ಯ, ಆದರೆ ಎಲ್ಲೆಡೆ ದೇವರಿದ್ದಾನೆ ಎಂದು ಒಪ್ಪಿದವನ ಏಕಾಂತ ಹೇಗಿರಬೇಕೆಂಬುದನ್ನು ಇಷ್ಟು ನೇರವಾಗಿ ಹೇಳುವ ಕಥೆ ಅಪರೂಪ.

18 ಮಂತ್ರಗಳ ಪುಟ್ಟ ಈಶಾವಾಸ್ಯ ಉಪನಿಷತ್ತು ಇದನ್ನು ಮೊದಲ ಮಂತ್ರದಲ್ಲೇ ವಿಧಿಸಿದೆ. ಜಗತ್ತೆಲ್ಲ ಈಶನಿಂದ ವ್ಯಾಪ್ತವೆಂದು ಸಾರಿ, ಅದೇ ಉಸಿರಿನಲ್ಲಿ ತ್ಯಾಗದಿಂದ ಬಾಳಬೇಕು, ಯಾರ ಸ್ವತ್ತಿಗೂ ಆಸೆಪಡಬಾರದು ಎನ್ನುತ್ತದೆ. ಪ್ರವಚನಗಳಲ್ಲಿ ಮೊದಲರ್ಧವೇ ಹೆಚ್ಚಾಗಿ ಕೇಳಿಬರುತ್ತದೆ. ಮಂತ್ರ ಮಾತ್ರ ಎರಡನ್ನೂ ಒಟ್ಟಿಗೇ ಹೇಳಿದೆ.