ಪಕ್ಕದ ದಿಂಬಿನ ಸಾಕ್ಷಿ

"ನಾನಾ? ಗೊರಕೆನಾ? ಚಾನ್ಸೇ ಇಲ್ಲ!" ಗೊರಕೆ ಹೊಡೆಯುವವರಲ್ಲಿ ಬಹಳಷ್ಟು ಜನ ಹೀಗೇ ಹೇಳ್ತಾರೆ. ಸುಳ್ಳೇನಲ್ಲ, ಅವರಿಗದು ಕೇಳಿಸಿಯೇ ಇರೋದಿಲ್ಲ. ಹಾಗಿದ್ದರೆ ನನ್ನ ದೇಹದ ವಿಷಯದಲ್ಲಿ ನನ್ನದೇ ಕೊನೆಯ ಮಾತಾ?

ಎದ್ದವನು 'ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ' ಅಂದರೆ, ಆ ಸುಖವನ್ನು ಕಂಡ ಸಾಕ್ಷಿ ಒಳಗೇ ಇರಬೇಕು ಎಂದು ವಾದಿಸಿದವರು ನಮ್ಮ ವೇದಾಂತಿಗಳು. ಸ್ಲೀಪ್ ಆಪ್ನಿಯಾ ಇದ್ದವರ ವಿಷಯದಲ್ಲಿ ಈ ಒಳಗಿನ ಸಾಕ್ಷಿಯನ್ನು ನಂಬೋದು ಕಷ್ಟ. ಅದರ ಸಾಮಾನ್ಯ ಬಗೆಯಲ್ಲಿ, ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. 10 ಸೆಕೆಂಡೋ, ಇನ್ನೂ ಹೆಚ್ಚೋ ಉಸಿರೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮೆದುಳು ಅರೆಕ್ಷಣ ಎಚ್ಚರಗೊಳ್ಳುತ್ತೆ, ಗೊರ್ರನೆ ಉಸಿರು ಮರಳುತ್ತೆ. ಉಸಿರು ನಿಲ್ಲೋದು ಅಥವಾ ತೀರಾ ಕ್ಷೀಣಿಸೋದು ಗಂಟೆಗೆ 30 ಸಲ ಮುಟ್ಟಿದರೆ ತೀವ್ರ ಹಂತ. ಬೆಳಿಗ್ಗೆ ಇದ್ಯಾವುದೂ ನೆನಪಿರಲ್ಲ. 'ಎಂಟು ಗಂಟೆ ಮಲಗಿದ್ದೆ' ಅಂತೀವಿ. ಮೀಟಿಂಗಿನಲ್ಲಿ ತೂಕಡಿಸುವ ತಲೆ ಬೇರೆಯೇ ಹೇಳುತ್ತೆ.

ನಿಜ ಕಂಡದ್ದು ಪಕ್ಕದ ದಿಂಬಿನವರು. ಉಸಿರು ನಿಂತಾಗ ಗಾಬರಿಯಿಂದ ಎದ್ದು ಕೂತು ಅಲುಗಾಡಿಸಿದವರು. ಅವರ ಮಾತನ್ನು ನಾವು ಬರೀ ದೂರು ಅಂದುಕೊಳ್ತೀವಿ. ಅವರೂ ನಮಗೆ ಬೇಜಾರಾದೀತೆಂದು ಸುಮ್ಮನಾಗ್ತಾರೆ, ಇಲ್ಲವೇ 'ಕುಂಭಕರ್ಣ' ಅಂತ ನಕ್ಕುಬಿಡ್ತಾರೆ. ರೂಮ್‌ಮೇಟ್ ಮಾಡಿದ ವಿಡಿಯೋ ವಾಟ್ಸಾಪ್ ಗ್ರೂಪಿಗೆ ಹೋದರೆ ಅವಮಾನ. ಅದನ್ನೇ ನಮಗೆ ತೋರಿಸಿ 'ಡಾಕ್ಟರ ಹತ್ತಿರ ಹೋಗು' ಅಂದರೆ ಉಪಕಾರ.

ಎಲ್ಲ ಗೊರಕೆಯೂ ಕಾಯಿಲೆಯಲ್ಲ. ಆದರೆ ನಡುನಡುವೆ ಉಸಿರು ನಿಲ್ತಿದ್ದರೆ, ಹಗಲೆಲ್ಲ ತೂಕಡಿಕೆ ಬಂದರೆ, ಬಿಪಿ ಹತೋಟಿಗೆ ಬರದಿದ್ದರೆ ನಿದ್ದೆಯ ಪರೀಕ್ಷೆ ಬೇಕು. ಈಗ ಅದನ್ನು ಎಷ್ಟೋ ಜನ ಮನೆಯಲ್ಲೇ ಮಾಡಿಸಿಕೊಳ್ಳಬಹುದು. ತೂಕ ಇಳಿಸೋದು, ಮಗ್ಗುಲಾಗಿ ಮಲಗೋದು, ರಾತ್ರಿಯ ಕುಡಿತ ಬಿಡೋದು ಕೆಲವರಿಗೆ ನೆರವಾಗುತ್ತೆ. ಉಳಿದವರಿಗೆ ಸಿಪ್ಯಾಪ್ ಯಂತ್ರ ಇದೆ: ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ತಡೆಯುತ್ತೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಈ ವಿಧಾನವನ್ನು 1981ರಲ್ಲಿ ಪ್ರಕಟಿಸಿದರು.

'ನನ್ನ ನಿದ್ದೆ, ನನ್ನಿಷ್ಟ' ಅಂತೀರಾ? ಬೆಳಿಗ್ಗೆ ಅದೇ ದೇಹ ರಿಂಗ್ ರೋಡಿನಲ್ಲಿ ಸ್ಟಿಯರಿಂಗ್ ಹಿಡಿದಿರುತ್ತೆ. ರೆಪ್ಪೆ ಮುಚ್ಚಿದ ಎರಡು ಸೆಕೆಂಡಿನ ಬೆಲೆಯನ್ನು ಮುಂದಿನ ಸ್ಕೂಟರಿನವರು ತೆರಬೇಕಾಗಬಹುದು.

ಹಾಗಾಗಿ ಕಂಡವರು ಹೇಳಲೇಬೇಕು, ಹೇಳಿಸಿಕೊಂಡವರು ನಂಬಬೇಕು. ಎರಡನೆಯದೇ ಹೆಚ್ಚು ಕಷ್ಟ. ನಮ್ಮ ಅನುಭವಕ್ಕೇ ಬಾರದ ನಮ್ಮ ವಿಷಯವನ್ನು ಇನ್ನೊಬ್ಬರ ಬಾಯಿಂದ ಒಪ್ಪಿಕೊಳ್ಳಬೇಕಲ್ಲ! ಇನ್ನು 'ರಾತ್ರಿ ನಿನ್ನ ಉಸಿರು ನಿಂತಿತ್ತು' ಅಂತ ಯಾರಾದರೂ ಅಂದರೆ, ವಾದಕ್ಕಿಳಿಯುವ ಮೊದಲು 'ಎಷ್ಟು ಹೊತ್ತು?' ಅಂತ ಕೇಳಿ.